ಸಂಘದ ಸುದ್ದಿಗೆ ಯಾವುದು ಸರಿ: ಫೇಸ್‌ಬುಕ್, ವಾಟ್ಸಾಪ್, ಟೆಲಿಗ್ರಾಂ?

ಮಳೆಗಾಲದಲ್ಲಿ ಊರಿನ ಯಕ್ಷಗಾನ ಮೇಳಗಳು ಮುಂಬಯಿಗೆ ಬಂದು ಆಟ ಆಡಿ ಹೋದ ಮರುದಿನ, "ಗೊತ್ತೇ ಆಗಲಿಲ್ಲ ಮಾರಾಯ್ರೆ, ಯಾರೂ ಹೇಳಲಿಲ್ಲ" ಎನ್ನುವವರು ಸಿಕ್ಕೇ ಸಿಗುತ್ತಾರೆ. ಅವರ ಫೋನಿನಲ್ಲಿ ಫೇಸ್‌ಬುಕ್ ಇದೆ, ವಾಟ್ಸಾಪ್ ಇದೆ, ಇಲ್ಲಿನ ಕನ್ನಡ ಸಂಘದ ಗ್ರೂಪಿನಲ್ಲೂ ಹೆಸರಿದೆ. ಸುದ್ದಿ ಹಾಕಿದ ಜಾಗ ತಪ್ಪಾಗಿರುತ್ತದೆ, ಅಷ್ಟೆ.

ಸಂಘ ನಡೆಸುವವರಿಗೆ ಇಲ್ಲಿ ಎರಡು ಕೆಲಸ. ಇವತ್ತಿನ ಸುದ್ದಿಯನ್ನು ಇವತ್ತೇ ಮುಟ್ಟಿಸಬೇಕು. ಹಳೆಯದು ಬೇಕೆಂದಾಗ ಕೈಗೆ ಸಿಗಬೇಕು. ಎರಡನ್ನೂ ಒಂದೇ ಆ್ಯಪ್ ಮಾಡಲಿ ಎಂದು ಹೊರಟರೆ ಎರಡೂ ಕೆಡುತ್ತವೆ. ಕಾರ್ಯಕ್ರಮದ ಸೂಚನೆ, ಊಟದ ಲೆಕ್ಕ, ವಿಡಿಯೊ, ಬಾಡಿಗೆ ರೂಮಿನ ವಿಚಾರಣೆ, ಹೀಗೆ ಒಂದೇ ಬಗೆಯ ಕೆಲಸಗಳನ್ನು ಮೂರಕ್ಕೂ ಹಚ್ಚಿ ನೋಡಿದಾಗ ಕಂಡದ್ದು ಮುಂದಿದೆ.

ಫೇಸ್‌ಬುಕ್ಕಿನಿಂದ ಆರಂಭಿಸಬೇಕು, ಏಕೆಂದರೆ ಅದರ ಗುಣವೂ ದೋಷವೂ ಅದು ಬೆಳೆದ ರೀತಿಯಲ್ಲೇ ಇವೆ. 2004ರ ಫೆಬ್ರುವರಿಯಲ್ಲಿ ಹಾರ್ವರ್ಡ್ ವಿದ್ಯಾರ್ಥಿಗಳಿಗೆಂದು ಶುರುವಾದದ್ದು ಅದು. 2006ರ ಸೆಪ್ಟೆಂಬರಿನಲ್ಲಿ 13 ವರ್ಷ ದಾಟಿದ ಎಲ್ಲರಿಗೂ ಬಾಗಿಲು ತೆರೆಯಿತು. ಎಲ್ಲರ ಪೋಸ್ಟುಗಳೂ ಒಂದೇ ಸಾಲಿನಲ್ಲಿ ಬರುವ ನ್ಯೂಸ್ ಫೀಡ್ ಬಂದದ್ದೂ ಅದೇ ತಿಂಗಳು. 2012ರ ಅಕ್ಟೋಬರಿಗೆ ತಿಂಗಳಿಗೆ 100 ಕೋಟಿ ಬಳಕೆದಾರರು, 2017ರ ಜೂನಿಗೆ 200 ಕೋಟಿ. ಆದಾಯ ಹೆಚ್ಚುಕಡಿಮೆ ಪೂರ್ತಿ ಜಾಹೀರಾತಿನದು. ಜನ ಅಲ್ಲೇ ಕೂತಷ್ಟೂ ಜಾಹೀರಾತು ಹೆಚ್ಚು ಕಾಣುತ್ತದೆ. ಅದಕ್ಕೇ ಪೋಸ್ಟುಗಳು ಹಾಕಿದ ಹೊತ್ತಿನ ಕ್ರಮದಲ್ಲಿ ಬರುವುದಿಲ್ಲ. ಯಾವುದರ ಮುಂದೆ ನಿಮ್ಮ ಬೆರಳು ನಿಲ್ಲಬಹುದು ಎಂದು ಲೆಕ್ಕ ಹಾಕಿ ಅದನ್ನೇ ಮೇಲಕ್ಕೆ ತರುತ್ತದೆ. ಯಾರೂ ಕಾಮೆಂಟ್ ಹಾಕದ ಸಭೆಯ ಸೂಚನೆ ಕೆಳಗೆ ಇಳಿಯುತ್ತದೆ, ಜಗಳ ಎದ್ದ ಪೋಸ್ಟ್ ಮೇಲೇರುತ್ತದೆ. ಶನಿವಾರ ಸಂಜೆಯ ಕಾರ್ಯಕ್ರಮಕ್ಕೆ ಗುರುವಾರ ಹಾಕಿದ ಸೂಚನೆ ಸೋಮವಾರ ಬೆಳಿಗ್ಗೆ ಲೋಕಲ್ ರೈಲಿನಲ್ಲಿ ಕೂತವರ ಕಣ್ಣಿಗೆ ಬೀಳುವುದು ಇದರಿಂದಲೇ.

ಹೆಚ್ಚಿನ ಸಂಘಗಳು ಮಾಡುವ ಮೊದಲ ತಪ್ಪು, ಪೇಜ್ ತೆರೆದು ಕೂರುವುದು. 2018ರ ಜನವರಿಯಲ್ಲಿ ಕಂಪನಿಯೇ ಹೇಳಿತು, ಸ್ನೇಹಿತರು, ಕುಟುಂಬ, ಗ್ರೂಪುಗಳ ಮಾತಿಗೆ ಆದ್ಯತೆ, ಪೇಜ್‌ಗಳದ್ದು ಕಡಿಮೆ ಕಾಣುತ್ತದೆ ಎಂದು. ದುಡ್ಡು ಕೊಟ್ಟು ಬೂಸ್ಟ್ ಮಾಡದ ಪೇಜ್ ಈಗ ಬೀಗ ಹಾಕಿದ ಕಚೇರಿಯ ನಾಮಫಲಕ ಇದ್ದಂತೆ. ವಿಳಾಸ, ಫೋನು, ಹಾಲ್ ಬಾಡಿಗೆಯ ವಿವರಕ್ಕೆ ಅದು ಸಾಕು. ಮಾತುಕತೆ ನಡೆಯಬೇಕಾದರೆ ಗ್ರೂಪೇ ಬೇಕು.

ಗ್ರೂಪ್ ತೆರೆಯುವಾಗ ಖಾಸಗಿ ಎಂದಿರಲಿ, ಆದರೆ ಹುಡುಕಿದರೆ ಸಿಗುವಂತಿರಲಿ. ಸೇರುವವರಿಗೆ ಮೂರು ಪ್ರಶ್ನೆ ಇಡಬಹುದು: ಈಗ ಇರುವ ಉಪನಗರ ಯಾವುದು, ಊರು ಯಾವುದು, ಸಂಘದಲ್ಲಿ ನಿಮ್ಮನ್ನು ಬಲ್ಲವರು ಯಾರು. ಮೂರನೆಯದಕ್ಕೆ ಉತ್ತರ ಇಲ್ಲದವರನ್ನು ಕಾಯಿಸಿ. ಈ ಒಂದೇ ಪ್ರಶ್ನೆಯಿಂದ ಸಾಲದ ಆ್ಯಪ್‌ನವರೂ ನಕಲಿ ಖಾತೆಗಳೂ ಬಹುಮಟ್ಟಿಗೆ ಹೊರಗೇ ಉಳಿಯುತ್ತವೆ. ಪೋಸ್ಟ್ ಅನುಮೋದನೆ ಚಾಲೂ ಇಟ್ಟರೆ ದಿನಕ್ಕೆ ಎರಡು ಸಲ ಯಾರಾದರೂ ನೋಡಲೇಬೇಕು. ರಕ್ತ ಬೇಕೆಂಬ ಮನವಿ ಎರಡು ದಿನ ಬಾಕಿ ಪಟ್ಟಿಯಲ್ಲಿ ಕೂತರೆ ಆ ಗ್ರೂಪ್ ಇದ್ದೂ ಇಲ್ಲದಂತೆ.

ಇನ್ನೊಂದು ಎಡವಟ್ಟು ಅಕ್ಷರದ್ದು. ಸಂಘದ ಆಮಂತ್ರಣ ಪತ್ರಿಕೆ ಇಂದಿಗೂ ಬಹಳ ಕಡೆ 'ನುಡಿ' ತಂತ್ರಾಂಶದ ಹಳೆಯ ಫಾಂಟಿನಲ್ಲೇ ತಯಾರಾಗುತ್ತದೆ. ಅದನ್ನು ಕಾಪಿ ಮಾಡಿ ಫೇಸ್‌ಬುಕ್ಕಿಗೆ ಅಂಟಿಸಿದರೆ ಕನ್ನಡ ಹೋಗಿ, ತಲೆಯ ಮೇಲೆ ಚುಕ್ಕಿ ಟೋಪಿ ಹೊತ್ತ ಪರದೇಶಿ ಅಕ್ಷರಗಳ ಸಾಲು ಬೀಳುತ್ತದೆ. ಕನ್ವರ್ಟರಿಗೆ ಹಾಕಿ ಎಲ್ಲ ಫೋನುಗಳಲ್ಲೂ ಓದಬರುವ ಯೂನಿಕೋಡ್‌ಗೆ ತಿರುಗಿಸಿ, ಒತ್ತಕ್ಷರ ಮತ್ತು ಅರ್ಕಾವತ್ತು ಇರುವ ಪದಗಳನ್ನು ಒಮ್ಮೆ ಕಣ್ಣಿಟ್ಟು ಓದಿ, ತಪ್ಪುವುದು ಅಲ್ಲೇ. ಇದು ತಲೆನೋವೆಂದು ಬರೀ ಫೋಟೊ ಹಾಕುವವರಿದ್ದಾರೆ. ಫೋಟೊದೊಳಗಿನ ಅಕ್ಷರವನ್ನು ನಂಬಿ ಹುಡುಕಿದರೆ ಮುಂದಿನ ವರ್ಷ ಕೈಗೆ ಸಿಗದು. ಫೋಟೊದ ಜೊತೆ ನಾಲ್ಕು ಸಾಲು ಟೈಪ್ ಮಾಡಿ. ಅದರಲ್ಲಿ ಮುಂಬಯಿ, ಮುಂಬೈ ಎರಡೂ ಬರಲಿ, ಏಕೆಂದರೆ ಹುಡುಕುವವರು ಯಾವುದನ್ನು ಬರೆಯುತ್ತಾರೋ ಹೇಳಲಾಗದು.

ಇಷ್ಟು ಮಾಡಿದರೆ ಹಳೆಯ ಫೋಟೊ, ಯಾವ ವರ್ಷ ಯಾರಿಗೆ ಸನ್ಮಾನ, ಯಾವ ಮೇಳದ ಯಾವ ಪ್ರಸಂಗ ಎಂಬುದೆಲ್ಲ ವಾಟ್ಸಾಪಿಗಿಂತ ಫೇಸ್‌ಬುಕ್ ಗ್ರೂಪಿನಲ್ಲಿ ಬೇಗ ಸಿಗುತ್ತದೆ. ಸಂಘದ ಪರಿಚಯವೇ ಇಲ್ಲದ ಹೊಸಬರು, ಕೆಲಸ ಸಿಕ್ಕಿ ನೆರೂಲಿಗೋ ಮೀರಾ ರೋಡಿಗೋ ಬಂದಿಳಿದ ಹುಡುಗರು, ನಮ್ಮನ್ನು ತಾವಾಗಿ ಹುಡುಕಿ ಬರುವುದೂ ಇಲ್ಲಿಗೇ. ವಾಟ್ಸಾಪ್ ಗ್ರೂಪಿಗೆ ಯಾರಾದರೂ ಸೇರಿಸದೆ, ಇಲ್ಲವೇ ಲಿಂಕ್ ಕೊಡದೆ ಒಳಬರುವ ದಾರಿಯಿಲ್ಲ. ಇದೊಂದೇ ಕಾರಣಕ್ಕೆ ಫೇಸ್‌ಬುಕ್ ಗ್ರೂಪನ್ನು ಮುಚ್ಚಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಮುಟ್ಟಿಸುವ ಕೆಲಸದಲ್ಲಿ ಮಾತ್ರ ವಾಟ್ಸಾಪಿಗೆ ಸಾಟಿಯಿಲ್ಲ. ಒಂದು ಗ್ರೂಪಿಗೆ 1024 ಜನ. ಎರಡು ಗ್ರೂಪ್ ಮಾಡಿ: ಒಂದರಲ್ಲಿ ಅಡ್ಮಿನ್‌ಗಳಷ್ಟೇ ಬರೆಯಬೇಕು, ಇನ್ನೊಂದು ಹರಟೆಗೆ. ಒಂದೇ ಇದ್ದರೆ ಬೆಳಗಿನ ಶುಭೋದಯದ ಚಿತ್ರಗಳಡಿ ಸೂಚನೆ ಹೂತುಹೋಗುತ್ತದೆ, ಜನ ಬೇಸತ್ತು ಮ್ಯೂಟ್ ಮಾಡುತ್ತಾರೆ, ಒಮ್ಮೆ ಮ್ಯೂಟ್ ಆದದ್ದು ಮತ್ತೆ ತೆರೆಯುವುದು ಅಪರೂಪ.

ಸೂಚನೆ ಬರೆಯುವ ಕ್ರಮವೂ ಮುಖ್ಯ. ನೋಟಿಫಿಕೇಶನ್ನಿನಲ್ಲಿ ಕಾಣುವುದು ಮೊದಲ ಒಂದೆರಡು ಸಾಲು. ಅಲ್ಲಿ 'ಸಮಸ್ತ ಕನ್ನಡ ಬಾಂಧವರಿಗೆ ಆದರದ ಸ್ವಾಗತ' ಎಂದಿದ್ದರೆ ತಾರೀಕು ಒಳಗೇ ಉಳಿಯಿತು. 'ಭಾನುವಾರ ಮಧ್ಯಾಹ್ನ 3ಕ್ಕೆ ತಾಳಮದ್ದಳೆ, ಮಾಟುಂಗ ಪೂರ್ವ' ಎಂದು ಶುರುಮಾಡಿ, ಸ್ವಾಗತ ಕೊನೆಗೆ ಬರಲಿ. ಬರೀ ಮಾಟುಂಗ ಎಂದರೂ ಸಾಲದು. ಮೈಸೂರು ಅಸೋಸಿಯೇಷನ್ ಇರುವುದು ಪೂರ್ವಕ್ಕೆ, ಸೆಂಟ್ರಲ್ ಲೈನಿನ ಮಾಟುಂಗದ ಕಡೆ. ಕರ್ನಾಟಕ ಸಂಘದ ವಿಶ್ವೇಶ್ವರಯ್ಯ ಸಭಾಗೃಹ ಪಶ್ಚಿಮಕ್ಕೆ, ವೆಸ್ಟರ್ನ್ ಲೈನಿನ ಮಾಟುಂಗ ರೋಡ್ ಕಡೆ. ತಪ್ಪು ಸ್ಟೇಷನ್ನಿನಲ್ಲಿ ಇಳಿದ ಹಿರಿಯರು ಸೇತುವೆ ಹತ್ತಿ ಇಳಿದು ಬರುವಷ್ಟರಲ್ಲಿ ಅರ್ಧ ಪ್ರಸಂಗ ಮುಗಿದಿರುತ್ತದೆ.

ಹತ್ತು ದಿನ ಮೊದಲು ಒಮ್ಮೆ, ಎರಡು ದಿನ ಮೊದಲು ಒಮ್ಮೆ, ಆ ದಿನ ಬೆಳಿಗ್ಗೆ ಒಮ್ಮೆ ಕಳಿಸಿದರೆ ಸಾಕು. ತಾರೀಕು ತಪ್ಪಾದರೆ 15 ನಿಮಿಷದೊಳಗೆ ತಿದ್ದಬಹುದು. ಆಮೇಲಾದರೆ ಎಲ್ಲರಿಗೂ ಅಳಿಸಿ, 'ತಿದ್ದುಪಡಿ' ಎಂಬ ಪದವನ್ನು ತಲೆಯಲ್ಲಿಟ್ಟು ಹೊಸದಾಗಿ ಕಳಿಸಬೇಕು. ಅಷ್ಟರಲ್ಲಿ ಫಾರ್ವರ್ಡ್ ಆಗಿ ಹೋದ ಪ್ರತಿ ಹಾಗೇ ತಿರುಗುತ್ತಿರುತ್ತದೆ.

ಗ್ರೂಪಿನ ಬದಲು, ಒಂದೇ ಸಂದೇಶವನ್ನು ಹಲವರಿಗೆ ಬೇರೆಬೇರೆಯಾಗಿ ಕಳಿಸುವ ಬ್ರಾಡ್‌ಕಾಸ್ಟ್ ಲಿಸ್ಟ್ ಹಿಡಿದವರು ಒಂದು ಸಂಗತಿ ಮರೆಯುತ್ತಾರೆ. ಒಂದು ಲಿಸ್ಟಿಗೆ 256 ಜನ. ಅದರಲ್ಲೂ ಕಳಿಸುವವರ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ಕಾರ್ಯದರ್ಶಿ ಬದಲಾಗಿ ಹೊಸ ನಂಬರಿನಿಂದ ಕಳಿಸಿದ ಮೊದಲ ಸೂಚನೆ ಅರ್ಧ ಜನಕ್ಕೆ ಬರದಿರುವುದು ಇದಕ್ಕೇ.

ಊಟದ ಲೆಕ್ಕಕ್ಕೆ ವಾಟ್ಸಾಪ್ ಪೋಲ್ ಬಹಳ ಚೆನ್ನ, ಕೇಳುವ ರೀತಿ ಸರಿಯಿದ್ದರೆ. 'ಬರುತ್ತೀರಾ?' ಎಂದು ಕೇಳಿದರೆ ಮನೆಯಿಂದ ಎಷ್ಟು ಜನ ಎಂದು ತಿಳಿಯದು. '1 ಜನ, 2 ಜನ, 3 ಜನ, 4 ಜನ, ಬರುವುದಿಲ್ಲ' ಎಂದು ಆಯ್ಕೆ ಕೊಡಿ. ಒಂದಕ್ಕಿಂತ ಹೆಚ್ಚು ಉತ್ತರ ಒತ್ತುವ ಅವಕಾಶವನ್ನು ಆಫ್ ಮಾಡಿ, ಮನೆಗೊಬ್ಬರೇ ಒತ್ತಿ ಎಂದು ಬರೆಯಿರಿ. 18 ಮನೆಯವರು 2 ಎಂದೂ 9 ಮನೆಯವರು 4 ಎಂದೂ ಒತ್ತಿದರೆ 72 ಎಲೆ. ಫೇಸ್‌ಬುಕ್ ಈವೆಂಟಿನಲ್ಲಿ 'ಆಸಕ್ತಿ ಇದೆ' ಎಂದವರನ್ನು ಎಣಿಸಿ ಕೇಟರಿಂಗ್‌ನವರಿಗೆ ಹೇಳಿದರೆ ಪಾಯಸ ಉಳಿಯುವುದು ಖಂಡಿತ. ಟೆಲಿಗ್ರಾಂ ಪೋಲ್ ತಾನಾಗಿಯೇ ಗುಪ್ತ ಮತದ ರೂಪದಲ್ಲಿರುತ್ತದೆ. ಯಾರು ಒತ್ತಿದರೆಂದು ಬೇಕಾದರೆ ಮೊದಲೇ ಆ ಸೆಟ್ಟಿಂಗ್ ತೆಗೆಯಬೇಕು.

ವಾಟ್ಸಾಪಿನ ದೊಡ್ಡ ಕೊರತೆ, ಗ್ರೂಪಿನಲ್ಲಿ ಎಲ್ಲರ ನಂಬರ್ ಎಲ್ಲರಿಗೂ ಕಾಣುವುದು. ಮಹಿಳಾ ವಿಭಾಗದವರು ಹಿಂದೇಟು ಹಾಕುವುದು ನ್ಯಾಯವೇ. ಹಲವು ಗ್ರೂಪುಗಳನ್ನು ಒಂದೇ ಸೂರಿನಡಿ ತರುವ ಕಮ್ಯೂನಿಟಿ ಮಾಡಿ ಸೂಚನೆಯನ್ನು ಅದರ ಪ್ರಕಟಣೆ ವಿಭಾಗದಲ್ಲಿ ಹಾಕಿದರೆ ಉಳಿದ ಸದಸ್ಯರಿಗೆ ನಂಬರ್ ಕಾಣುವುದಿಲ್ಲ. ಇನ್ನೊಂದು ಕೊರತೆ ಇದಕ್ಕಿಂತ ಭೀಕರ: ಸುಳ್ಳು ಸುದ್ದಿಯ ವೇಗ. 2018ರ ಜುಲೈ 1ರಂದು ನಮ್ಮದೇ ಮಹಾರಾಷ್ಟ್ರದ ಧುಳೆ ಜಿಲ್ಲೆಯ ರೈನ್‌ಪಾಡಾದಲ್ಲಿ ಮಕ್ಕಳ ಕಳ್ಳರೆಂಬ ವದಂತಿಗೆ ಐವರು ಜೀವ ಕಳೆದುಕೊಂಡರು. ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಫಾರ್ವರ್ಡನ್ನು ಐದು ಚಾಟಿಗೆ ಮಿತಿಗೊಳಿಸಿತು. 2020ರ ಏಪ್ರಿಲ್‌ನಿಂದ, ಬಹಳ ಸಲ ಫಾರ್ವರ್ಡ್ ಆದದ್ದನ್ನು ಒಂದು ಸಲಕ್ಕೆ ಒಂದೇ ಚಾಟಿಗೆ ಕಳಿಸಬಹುದು. ಎರಡು ಬಾಣದ ಗುರುತು ಕಂಡದ್ದನ್ನು ಸೂಚನೆಯ ಗ್ರೂಪಿಗೆ ಬಿಡಲೇಬಾರದು.

ಟೆಲಿಗ್ರಾಂ ಬಗ್ಗೆ ಚಿಕ್ಕದಾಗಿ ಹೇಳಿದರೆ ಸಾಕು. ಅದು ಕಪಾಟು. 2 ಲಕ್ಷ ಜನರ ಗ್ರೂಪು, 2 ಜಿಬಿ ತನಕದ ಫೈಲು, ಹೊಸದಾಗಿ ಸೇರಿದವರಿಗೂ ಮೊದಲ ದಿನದಿಂದ ಎಲ್ಲ ಕಾಣುವಂತೆ ಇಡುವ ಅನುಕೂಲ. ವಾಟ್ಸಾಪಿನಲ್ಲೂ 2 ಜಿಬಿ ಕಳಿಸಬಹುದು, ಆದರೆ ಅಲ್ಲಿ ಅದು ಇಳಿಸಿಕೊಂಡ ಪ್ರತಿಯೊಬ್ಬರ ಫೋನನ್ನೂ ತುಂಬುತ್ತದೆ. ಟೆಲಿಗ್ರಾಂ ತನ್ನ ಸರ್ವರಿನಲ್ಲಿ ಇಟ್ಟುಕೊಳ್ಳುತ್ತದೆ. ಸ್ಮರಣ ಸಂಚಿಕೆಯ ಪಿಡಿಎಫ್, ತಾಳಮದ್ದಳೆಯ ಆಡಿಯೊ ಇಡಲು ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ಹಿರಿಯರಲ್ಲಿ ಇದನ್ನು ತೆರೆಯುವವರು ವಿರಳ, ಮಾಮೂಲು ಚಾಟ್ ವಾಟ್ಸಾಪಿನಂತೆ ತುದಿಯಿಂದ ತುದಿಗೆ ಗೂಢಲಿಪಿಯಲ್ಲಿ (ಕಳಿಸಿದವರು, ಪಡೆದವರು ಬಿಟ್ಟು ಬೇರಾರೂ ಓದಲಾಗದಂತೆ) ಇರುವುದೂ ಇಲ್ಲ. ಹಾಕಿಕೊಂಡ ಕೂಡಲೇ ಪ್ರೈವೆಸಿಗೆ ಹೋಗಿ ಫೋನ್ ನಂಬರನ್ನು ಯಾರಿಗೂ ಕಾಣದಂತೆ, ಗ್ರೂಪಿಗೆ ಸೇರಿಸುವ ಹಕ್ಕನ್ನು ಪರಿಚಿತರಿಗೆ ಮಾತ್ರ ಎಂದು ಇಟ್ಟುಕೊಳ್ಳಿ. ಇಲ್ಲವಾದರೆ ಮನೆಯಿಂದಲೇ ಕೆಲಸ ಎಂಬ ಮೋಸದ ಗ್ರೂಪಿನೊಳಗೆ ಎಳೆದು ಹಾಕುತ್ತಾರೆ.

ವಿಡಿಯೊದ ಮಾತು ಬೇರೆ. ಆಟವನ್ನು ಫೇಸ್‌ಬುಕ್ ಲೈವ್ ಮಾಡಿದರೆ ಊರಿನವರೂ ದುಬೈಯವರೂ ಆ ಕ್ಷಣವೇ ನೋಡುತ್ತಾರೆ, ಇದು ನಿಜಕ್ಕೂ ದೊಡ್ಡ ಲಾಭ. ಆದರೆ 2025ರ ಫೆಬ್ರುವರಿಯಿಂದ ಹೊಸ ಲೈವ್ ವಿಡಿಯೊಗಳು 30 ದಿನ ಮಾತ್ರ ಅಲ್ಲಿರುತ್ತವೆ, ಆಮೇಲೆ ಅಳಿಯುತ್ತವೆ. ಆಟ ಮುಗಿದ ವಾರದೊಳಗೆ ಕಂಪ್ಯೂಟರಿನಲ್ಲಿ ಇಳಿಸಿಕೊಂಡು ಯೂಟ್ಯೂಬಿಗೆ ಏರಿಸಿ, ಒಂದು ಪ್ರತಿ ಹಾರ್ಡ್ ಡಿಸ್ಕಿನಲ್ಲಿಡಿ. ನೇರ ಯೂಟ್ಯೂಬಿನಲ್ಲೇ ಮಾಡುವುದಾದರೆ ಮೊಬೈಲಿನಿಂದ ಲೈವ್‌ಗೆ 50 ಚಂದಾದಾರರು ಬೇಕು, ಮೊದಲ ಸಲ ಅನುಮತಿ ಸಿಗಲು 24 ಗಂಟೆ ಹಿಡಿಯಬಹುದು. ವೇಷ ಕಟ್ಟುವ ಜಾಗದಲ್ಲಿ ಚೌಕಿ ಪೂಜೆ ಆದ ಮೇಲೆ ನೆನಪಾದರೆ ಏನೂ ಮಾಡಲಾಗದು. ಎರಡರಲ್ಲೂ, ಆಟಕ್ಕೆ ಮುಂಚೆ ಹಾಲ್‌ನ ಸ್ಪೀಕರಿನಲ್ಲಿ ಸಿನಿಮಾ ಹಾಡು ಹಚ್ಚಿದರೆ ಹಕ್ಕುಸ್ವಾಮ್ಯದ ಹೆಸರಿನಲ್ಲಿ ವಿಡಿಯೊದ ದನಿ ಅಡಗುವ ಭಯವಿದೆ. ಹಾಡು ನಿಲ್ಲಿಸಿ, ಆಮೇಲೆ ಲೈವ್ ಒತ್ತಿ. ಇನ್‌ಸ್ಟಾಗ್ರಾಂ ಒಂದು ನಿಮಿಷದ ರೀಲಿಗೆ, ಹುಡುಗರನ್ನು ಕರೆತರಲಿಕ್ಕೆ ಸರಿ. ಪೋಸ್ಟಿನ ಬರಹದಲ್ಲಿ ಹಾಕಿದ ಲಿಂಕ್ ಒತ್ತಿದರೆ ತೆರೆಯುವುದಿಲ್ಲ, ಹಾಗಾಗಿ ಸೂಚನೆಗೆ ಆಗದು.

ಮೋಸದ ವಿಷಯದಲ್ಲಿ ಫೇಸ್‌ಬುಕ್ಕಿಗೇ ಹೆಚ್ಚು ಕಾವಲು ಬೇಕು. ಅಧ್ಯಕ್ಷರ ಫೋಟೊ ಕದ್ದು ಅದೇ ಹೆಸರಿನಲ್ಲಿ ಹೊಸ ಖಾತೆ ತೆರೆದು, ಅವರ ಸ್ನೇಹಿತರಿಗೆಲ್ಲ 'ತುರ್ತಾಗಿ ಹಣ ಬೇಕು' ಎಂದು ಬರೆಯುತ್ತಾರೆ. ಸ್ನೇಹಿತರ ಪಟ್ಟಿ ಎಲ್ಲರಿಗೂ ಕಾಣುವಂತಿರುವುದರಿಂದಲೇ ಇದು ಸುಲಭ. ಅದನ್ನು 'ನನಗೆ ಮಾತ್ರ' ಎಂದು ಬದಲಿಸಿ, ಪ್ರೊಫೈಲ್ ಲಾಕ್ ಮಾಡಿ. ಘಾಟ್‌ಕೋಪರಿನಲ್ಲಿ ಅಗ್ಗದ ಫ್ಲ್ಯಾಟ್ ಎಂದು ಚಂದದ ಫೋಟೊ ಹಾಕಿ ನೋಡುವ ಮೊದಲೇ ಟೋಕನ್ ಹಣ ಕೇಳಿದರೆ ಆ ಪೋಸ್ಟನ್ನು ತೆಗೆದುಹಾಕಿ. ಹಣ ಬರಬೇಕಾದರೆ ಯುಪಿಐ ಪಿನ್ ಒತ್ತುವ ಅಗತ್ಯವೇ ಇಲ್ಲ ಎಂಬುದನ್ನು ಹಿರಿಯರಿಗೆ ಪ್ರತಿ ಸಭೆಯಲ್ಲೂ ಹೇಳಬೇಕು. ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. 'ನೀವು ಯಾವ ರಾಜನಂತೆ' ಎಂಬಂಥ ರಸಪ್ರಶ್ನೆಗಳೂ ಬೇಡ. 2018ರಲ್ಲಿ ಬಯಲಾದ, ಕೇಂಬ್ರಿಜ್ ಅನಲಿಟಿಕಾ ಎಂಬ ರಾಜಕೀಯ ಸಲಹಾ ಸಂಸ್ಥೆಯ ಪ್ರಕರಣದಲ್ಲಿ ಅಂಥ ಒಂದು ಆ್ಯಪ್ ಹಾಕಿಕೊಂಡವರು ಸುಮಾರು 2.7 ಲಕ್ಷ, ಅವರ ಸ್ನೇಹಿತರ ಮೂಲಕ ಮಾಹಿತಿ ಹೋದದ್ದು 8.7 ಕೋಟಿ ಜನರದ್ದಿರಬಹುದೆಂದು ಕಂಪನಿಯೇ ಒಪ್ಪಿತು.

2021ರ ಅಕ್ಟೋಬರ್ 4ರ ರಾತ್ರಿ ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಂ ಮೂರೂ ಒಟ್ಟಿಗೆ ಸುಮಾರು ಆರು ಗಂಟೆ ನಿಂತವು. ಮೂರಕ್ಕೂ ಒಬ್ಬರೇ ಒಡೆಯರು. ಸದಸ್ಯರ ನಂಬರಿನ ಪಟ್ಟಿ ಕಾಗದದ ಮೇಲೂ ಇರಲಿ ಎನ್ನುವುದು ಇದಕ್ಕೆ. 2014ರ ಸೆಪ್ಟೆಂಬರ್ 30ಕ್ಕೆ ಗೂಗಲ್‌ನ ಆರ್ಕುಟ್ ಜಾಲತಾಣ ಮುಚ್ಚಿದಾಗ ಅಲ್ಲಿ ಬೆಳೆದಿದ್ದ ಬಳಗಗಳೂ ಚದುರಿದವು.

ವಾರ್ಷಿಕ ಮಹಾಸಭೆಯಲ್ಲಿ ಹೊಸ ಸಮಿತಿ ಬಂದಾಗ ಕೀಲಿಕೈ ಕೊಡುವ ಕ್ರಮ ಹೀಗಿರಲಿ. ಹೊಸ ಕಾರ್ಯದರ್ಶಿಯನ್ನು ಮೊದಲು ಅಡ್ಮಿನ್ ಮಾಡಿ, ಅವರಿಂದ ಒಂದು ಪೋಸ್ಟ್ ಹಾಕಿಸಿ ನೋಡಿ, ಅವರ ಖಾತೆಗೆ ಎರಡು ಹಂತದ ಭದ್ರತೆ ಇದೆಯೇ ಕೇಳಿ. ಆ ಬಳಿಕವೇ ಹಳಬರನ್ನು ತೆಗೆಯಿರಿ. ಯಾವಾಗಲೂ ಮೂವರು ಅಡ್ಮಿನ್‌ಗಳಿರಲಿ. ಒಬ್ಬರೇ ಇದ್ದು ಅವರ ಖಾತೆ ಲಾಕ್ ಆದರೆ ಗ್ರೂಪ್ ಕೈತಪ್ಪಿದಂತೆಯೇ. ಸಂಘದ ಪೇಜ್, ಯೂಟ್ಯೂಬ್ ಚಾನೆಲ್‌ಗಳಿಗೆ ಸಂಘದ್ದೇ ಇಮೇಲ್ ವಿಳಾಸ ಇರಬೇಕು. ಅದರ ರಿಕವರಿ ಕೋಡ್‌ಗಳನ್ನು ಲಕೋಟೆಯಲ್ಲಿಟ್ಟು ಅಂಟಿಸಿ, ಬ್ಯಾಂಕಿನ ಚೆಕ್ ಪುಸ್ತಕ ಇಡುವ ಕಪಾಟಿನಲ್ಲೇ ಕೋಶಾಧಿಕಾರಿಯ ಬಳಿ ಇಡಿ.