ಹಾಲಿನ ಲೈಪೇಸ್ ಶುದ್ಧೀಕರಣ: ಅಮೋನಿಯಂ ಸಲ್ಫೇಟೋ, ಹೆಪಾರಿನ್ ಜೆಲ್ಲೋ?

ಹಸುವಿನ ಹಾಲಿನಲ್ಲಿ ಕೊಬ್ಬು ಒಡೆಯುವ ಮುಖ್ಯ ಕಿಣ್ವ ಲೈಪೊಪ್ರೋಟೀನ್ ಲೈಪೇಸ್. ಲೀಟರಿಗೆ ಇರುವುದೇ ಒಂದೆರಡು ಮಿಲಿಗ್ರಾಂ. ಅದನ್ನು ಬೇರ್ಪಡಿಸಲು ನಾನು ಎರಡೂ ದಾರಿ ಹಿಡಿದು ನೋಡಿದ್ದೇನೆ. ಯಾವ ದಾರಿಯಾದರೂ ಹಾಲು ಹಸಿಯಾಗಿರಬೇಕು. 72 ಡಿಗ್ರಿಯಲ್ಲಿ 15 ಸೆಕೆಂಡು ಪಾಶ್ಚರೀಕರಿಸಿದರೆ ಸಾಕು, ಕಿಣ್ವದ ಕೆಲಸ ಬಹುಪಾಲು ಮುಗಿದ ಹಾಗೆ.

ಪ್ರೋಟೀನನ್ನು ತಳಕ್ಕಿಳಿಸುವ ಲವಣವಾದ ಅಮೋನಿಯಂ ಸಲ್ಫೇಟ್ ಅಗ್ಗ, ಎಲ್ಲ ಲ್ಯಾಬಿನಲ್ಲೂ ಸಿಗುತ್ತದೆ. ಆದರೆ ಈ ಲೈಪೇಸ್ ಹಾಲಿನ ಮುಖ್ಯ ಪ್ರೋಟೀನಾದ ಕೇಸಿನ್ ಕಣಗಳಿಗೆ ಅಂಟಿಕೊಂಡಿರುತ್ತದೆ. ಲವಣ ಸುರಿದರೆ ಕೇಸಿನ್ನೂ ಜೊತೆಗೇ ತಳ ಸೇರುತ್ತದೆ. ಆ ಮುದ್ದೆ ಕರಗಿಸಿ, ಡಯಾಲಿಸಿಸ್‌ಗೆ (ಪೊರೆಯ ಮೂಲಕ ಲವಣ ತೆಗೆಯಲು) ಇಟ್ಟು, ಪ್ರೋಟೀನನ್ನು ವಿದ್ಯುದಂಶದ ಮೇಲೆ ಬೇರ್ಪಡಿಸುವ ಅಯಾನ್ ವಿನಿಮಯ ಕಾಲಮ್‌ಗೆ ಹಾಕಿದರೆ ಕಾಲಮ್ ಕಟ್ಟಿಕೊಳ್ಳುತ್ತದೆ. ಅಷ್ಟರಲ್ಲಿ ಚಟುವಟಿಕೆಯೂ ಇಳಿದಿರುತ್ತದೆ. ಬೇಗ ಕೆಡುವ ಕಿಣ್ವ ಇದು, ಅದರ ಮಡಿಕೆ ಬಿಚ್ಚಿಕೊಂಡರೆ ಸುಮ್ನೆ ಪ್ರೋಟೀನ್.

ಹೆಪಾರಿನ್-ಸೆಫರೋಸ್ (ಹೆಪಾರಿನ್ ಅಂಟಿಸಿದ ಜೆಲ್ ಮಣಿಗಳು) ದುಬಾರಿ, ಆದರೆ ಕೆಲಸ ಎಷ್ಟು ಚೊಕ್ಕ! ಕೆನೆ ತೆಗೆದ ಹಾಲಿಗೆ ಸುಮಾರು 0.4 ಮೋಲಾರ್ ಉಪ್ಪು ಬೆರೆಸಿದರೆ ಲೈಪೇಸ್ ಕೇಸಿನ್ ಬಿಡುತ್ತದೆ, ಹೆಪಾರಿನ್ ಹಿಡಿಯುತ್ತದೆ. ಜೆಲ್ಲನ್ನು ಹಾಲಿಗೇ ಹಾಕಿ, ತಣ್ಣಗೆ ಕಲಕಿ, ಗಾಜಿನ ಫನೆಲ್‌ನಲ್ಲಿ ಸೋಸುತ್ತೇನೆ. ಬಫರ್ ಹಾಕಿ ತೊಳೆದಂತೆಲ್ಲ ಇಳಿಯುವ ನೀರಿನ ಬಿಳುಪು ಕಳೆಯುತ್ತಾ ಬರುತ್ತದೆ. ಪೂರ್ತಿ ತಿಳಿಯಾದ ಮೇಲೆ ಕಾಲಮ್‌ಗೆ ತುಂಬಿ, 1.5 ಮೋಲಾರ್ ಉಪ್ಪಿನವರೆಗೆ ನಿಧಾನವಾಗಿ ಏರಿಸಬೇಕು. ಒಂದೇ ಸಲಕ್ಕೆ ಏರಿಸಿದರೆ ಲ್ಯಾಕ್ಟೋಫೆರಿನ್, ಆಂಟಿಥ್ರಾಂಬಿನ್ ಎಂಬ ಬೇರೆ ಎರಡು ಪ್ರೋಟೀನೂ ಜೊತೆಗೆ ಬರುತ್ತವೆ. ಅವಕ್ಕೂ ಹೆಪಾರಿನ್ ಅಂದರೆ ಇಷ್ಟ. ಲ್ಯಾಕ್ಟೋಫೆರಿನ್ ತೂಕ ಸುಮಾರು 80 ಕಿಲೋಡಾಲ್ಟನ್, ಪ್ರೋಟೀನನ್ನು ಗಾತ್ರದ ಮೇಲೆ ಬಿಡಿಸಿ ತೋರಿಸುವ ಎಲೆಕ್ಟ್ರೋಫೊರೆಸಿಸ್ ಜೆಲ್ ಮೇಲೆ ದೂರವೇ ನಿಲ್ಲುತ್ತದೆ. ಆಂಟಿಥ್ರಾಂಬಿನ್ ಮಾತ್ರ ಲೈಪೇಸಿನ 55ರ ಪಕ್ಕದಲ್ಲೇ ಕೂರುತ್ತದೆ, ಪಟ್ಟಿ ಒಂದೇ ಕಂಡಿತೆಂದು ಕುಣಿಯಬೇಡಿ. ಬಂದ ಭಾಗಕ್ಕೆ ಗ್ಲಿಸರಾಲ್ ಸೇರಿಸಿ ಐಸ್ ಮೇಲಿಡಿ.

ನನ್ನ ಓಟು ಹೆಪಾರಿನ್‌ಗೇ. ಜೆಲ್ಲನ್ನು ತೊಳೆದು ಮತ್ತೆ ಮತ್ತೆ ಬಳಸಬಹುದು, ಹಾಗಾಗಿ ಖರ್ಚಿನ ಭಯ ಅಷ್ಟಾಗಿ ಬೇಡ.

ಇನ್ನು ಅಳೆಯುವ ವಿಧಾನ. ಪ್ಯಾರಾ-ನೈಟ್ರೋಫೀನೈಲ್ ಬ್ಯುಟಿರೇಟ್ ಎಂಬ ರಾಸಾಯನಿಕ ಕಿಣ್ವ ಒಡೆದಾಗ ಬೇಗ ಹಳದಿಯಾಗುತ್ತದೆ, 405 ನ್ಯಾನೋಮೀಟರಿನಲ್ಲಿ ಓದಿದರಾಯ್ತು. ಯಾವ ಟ್ಯೂಬಿನಲ್ಲಿ ಕಿಣ್ವ ಇದೆ ಎಂದು ಹುಡುಕಲು ಇದೇ ಜಾಸ್ತಿ ಅನುಕೂಲ. ಆದರೆ ಬೇರೆ ಎಸ್ಟರೇಸ್‌ಗಳೂ (ಎಸ್ಟರ್ ಬಂಧ ಒಡೆಯುವ ಕಿಣ್ವಗಳು) ಅದನ್ನು ಒಡೆಯುತ್ತವೆ. ಕೈಯಲ್ಲಿರುವುದು ನಿಜಕ್ಕೂ ಈ ಲೈಪೇಸೇ ಎಂದು ತೋರಿಸಲು ಟ್ರೈಓಲಿನ್ ಎಂಬ ಕೊಬ್ಬಿನ ಎಮಲ್ಷನ್ನೇ ಬೇಕು: ಈ ಲೈಪೇಸನ್ನು ಚುರುಕುಗೊಳಿಸುವ ಸೀರಮ್ಮಿನ ಪ್ರೋಟೀನ್ ಅಪೊಸಿ-2 ಸೇರಿಸಿದಾಗ ವೇಗ ಏರಬೇಕು, 1 ಮೋಲಾರ್ ಉಪ್ಪು ಹಾಕಿದಾಗ ಇಳಿಯಬೇಕು. ಕಾಲಮ್ಮಿಂದ ಬಂದ ಭಾಗದಲ್ಲೇ ಉಪ್ಪು ತುಂಬಿರುತ್ತದೆ, ಅಲ್ವಾ? ಹಾಗಾಗಿ ಅಳೆಯುವಾಗ ಆ ಭಾಗವನ್ನು ತುಂಬಾ ಕಡಿಮೆ ಹಾಕಿ.