ಪಾರ್ಕಿನ್ಸನ್‌ಗೆ ಮನೆವ್ಯಾಯಾಮ: ಕ್ಯಾಮೆರಾ ಆ್ಯಪ್, ಟಿವಿ ವಿಡಿಯೊ, ಸೈಕಲ್, ಮೆಟ್ರೊನೋಮ್ – ಯಾವುದು ಯಾವುದಕ್ಕೆ?

ಈ ನಾಲ್ಕನ್ನೂ ಬಳಸಿ ತೂಗಿ ನೋಡುವಾಗ ನಾವು ಮೊದಲು ಗಮನಿಸಿದ್ದು ಒಂದೇ: ಇದು ಬೇಡುವುದು ಕಣ್ಣನ್ನೋ, ಕಿವಿಯನ್ನೋ? ಪಾರ್ಕಿನ್ಸನ್‌ನಲ್ಲಿ ನಡಿಗೆ ತಾನಾಗಿ ಸಾಗುವುದಿಲ್ಲ, ಹೆಜ್ಜೆಹೆಜ್ಜೆಗೂ ಗಮನ ಬೇಕು. ಆ ಗಮನವನ್ನು ಪರದೆ ಕಸಿದುಕೊಂಡರೆ ಕಾಲು ತಡವರಿಸುತ್ತದೆ.

ಕ್ಯಾಮೆರಾದಲ್ಲಿ ಮೈ ನೋಡಿ ಎಣಿಸುವ ಆ್ಯಪ್‌ಗಳು ಕುರ್ಚಿಯಿಂದ ಎದ್ದು ಕೂರುವ ವ್ಯಾಯಾಮಕ್ಕೆ ಒಳ್ಳೆಯವು. ಫೋನು ಸೊಂಟದೆತ್ತರದಲ್ಲಿ, ಎರಡರಿಂದ ಎರಡೂವರೆ ಮೀಟರ್ ದೂರದಲ್ಲಿರಲಿ. ಕಿಟಕಿ ಬೆನ್ನ ಹಿಂದೆ ಬರಬಾರದು. ಪಂಚೆ, ನೈಟಿ ಮಂಡಿ ಮುಚ್ಚಿದರೆ ಲೆಕ್ಕ ತಪ್ಪುತ್ತದೆ. ನಿಜವಾದ ತೊಂದರೆ ಬೇರೆ. ಈ ಕಾಯಿಲೆಯಲ್ಲಿ ಚಲನೆ ಮಾಡುತ್ತಾ ಮಾಡುತ್ತಾ ಕಿರಿದಾಗುತ್ತದೆ, ಮಾಡುವವರಿಗೆ ಅದು ಗೊತ್ತೇ ಆಗುವುದಿಲ್ಲ. ಅರ್ಧ ಎತ್ತಿದ ಕೈಯನ್ನೂ ಆ್ಯಪ್ ಪೂರ್ತಿ ಎಂದು ಎಣಿಸಿದರೆ ಹತ್ತರ ಲೆಕ್ಕ ಮುಗಿಯುತ್ತದೆ, ಕೆಲಸ ಆಗಿರುವುದಿಲ್ಲ. ಮೊದಲ ಎತ್ತು ಎಷ್ಟು ದೊಡ್ಡದಿತ್ತೋ ಹತ್ತನೆಯದೂ ಅಷ್ಟೇ ಇದೆಯೇ ಎಂದು ಮನೆಯವರು ಪಕ್ಕದಲ್ಲಿ ನಿಂತು ನೋಡಬೇಕು. ಎದ್ದಾಗ ಬಿಪಿ ಇಳಿದು ತಲೆ ಸುತ್ತುವವರು ಎಣಿಕೆಯ ಹಿಂದೆ ಓಡದೆ ಪ್ರತಿ ಸಲ ನಿಂತು ಉಸಿರಾಡಿ ಕೂರಲಿ.

ಬೆರಳು ನಡುಗಿ ಒಂದೇ ಬಟನ್ ಎರಡು ಸಲ ಒತ್ತಿಹೋಗುವುದಕ್ಕೆ ಆ್ಯಪ್ ಬದಲಿಸುವುದು ಬೇಡ. ಐಫೋನಿನ ಆ್ಯಕ್ಸೆಸಿಬಿಲಿಟಿಯಲ್ಲಿ ‘ಟಚ್ ಅಕಾಮೊಡೇಷನ್ಸ್’ ಒಳಗೆ ‘ಇಗ್ನೋರ್ ರಿಪೀಟ್’ ಇದೆ, ಅದನ್ನು ಆನ್ ಮಾಡಿ.

ಟಿವಿ ವಿಡಿಯೊದಲ್ಲಿ ಎದುರಿಗಿರುವವರನ್ನು ನೋಡಿ ಅನುಕರಿಸುವುದರಿಂದ ಕೈಕಾಲು ಚೆನ್ನಾಗಿ ಚಾಚುತ್ತವೆ. ಆದರೆ ವೇಗ ಅವರದು. ಯೂಟ್ಯೂಬ್‌ನಲ್ಲಾದರೆ 0.75ಕ್ಕೆ ಇಳಿಸಿ. ಕೂತು ಮಾಡುವವಕ್ಕೆ ಮಾತ್ರ ಇದು ಸರಿ. ಒಂಟಿಕಾಲ ಸಮತೋಲನವನ್ನು ಟಿವಿ ನೋಡುತ್ತಾ ಮಾಡಿಸಬೇಡಿ, ಅದಕ್ಕೆ ಕೈ ಆನಿಸಿಕೊಳ್ಳಬಹುದಾದ ಅಡುಗೆಕಟ್ಟೆಯೇ ಜಾಗ.

ಕೂತೇ ತುಳಿಯುವ ಸೈಕಲ್ಲಿಗೆ ಪರದೆ ಜೊತೆಯಾದರೂ ಅಪಾಯ ಕಡಿಮೆ. ನೆದರ್ಲೆಂಡ್ಸಿನ ‘ಪಾರ್ಕ್-ಇನ್-ಶೇಪ್’ ಅಧ್ಯಯನ (2019) ಮಾಡಿದ್ದು ಇದನ್ನೇ: ಸೌಮ್ಯ ಹಂತದಲ್ಲಿದ್ದ 130 ಜನರಲ್ಲಿ ಒಂದು ಗುಂಪಿಗೆ ಆಟದ ಪರದೆಯ ಸೈಕಲ್, ವಾರಕ್ಕೆ ಮೂರು ಸಲ, 30–45 ನಿಮಿಷ, ಆರು ತಿಂಗಳು; ಇನ್ನೊಂದಕ್ಕೆ ಸ್ಟ್ರೆಚಿಂಗ್. ಮಾತ್ರೆಯ ಪ್ರಭಾವ ಇಳಿದಿದ್ದಾಗ ಅಳೆದ ಚಲನೆಯ ಅಂಕದಲ್ಲಿ ಸೈಕಲ್ ಗುಂಪು 4.2 ಅಂಕ ಉತ್ತಮವಾಗಿತ್ತು. ನಾಡಿಬಡಿತದ ಗುರಿಯೊಂದನ್ನೇ ನೆಚ್ಚಿಕೊಳ್ಳಬೇಡಿ. ನಡುಕಕ್ಕೆ ಪ್ರೊಪ್ರನಾಲಾಲ್ ನುಂಗುವವರಲ್ಲಿ ನಾಡಿ ಏರುವುದೇ ಕಡಿಮೆ. ಮಾತನಾಡಬಹುದು ಆದರೆ ಹಾಡಲಾಗದು ಅನ್ನುವಷ್ಟು ಏದುಸಿರು ಬಂದರೆ ಸಾಕು. ಪುಟ್ಟ ಪೆಡಲ್ ಯಂತ್ರ ಟೈಲ್ಸ್ ಮೇಲೆ ಜಾರುತ್ತದೆ, ಗೋಡೆಗೆ ಆನಿಸಿಡಿ.

ನಡಿಗೆಯ ವಿಷಯಕ್ಕೆ ಬಂದರೆ, ಒಂದೇ ಲಯದಲ್ಲಿ ಟಿಕ್ ಟಿಕ್ ಎಂದು ತಾಳ ಹಾಕುವ ಮೆಟ್ರೊನೋಮ್ ಮುಂದೆ ಉಳಿದವು ನಿಲ್ಲಲಿಲ್ಲ. ಮನೆಯಲ್ಲಿ ಸಂಗೀತ ಕಲಿಯುವ ಮಕ್ಕಳಿದ್ದರೆ ಆಗಲೇ ಫೋನಿನಲ್ಲಿರುತ್ತದೆ, ದುಡ್ಡೂ ಬೇಡ. ಮಾತ್ರೆ ಕೆಲಸ ಮಾಡುತ್ತಿರುವ ಹೊತ್ತಿನಲ್ಲಿ ಎಂದಿನಂತೆ ಒಂದು ನಿಮಿಷ ನಡೆದು ಹೆಜ್ಜೆ ಎಣಿಸಿ. 96 ಬಂತೆನ್ನಿ. ನಡುವೆ ಪಾದ ನೆಲಕ್ಕೆ ಅಂಟಿದಂತೆ ನಿಂತುಬಿಡುವ ಫ್ರೀಜಿಂಗ್ ಇಲ್ಲದವರು ತಾಳವನ್ನು ನಿಮಿಷಕ್ಕೆ 100ರಿಂದ 105 ಬೀಟ್‌ಗೆ ಏರಿಸಬಹುದು. ಇರುವವರು ಶೇ 10ರಷ್ಟು ಇಳಿಸಿ 86ಕ್ಕೆ ಇಡಲಿ. ಎಡವಟ್ಟಾಗುವುದು ಇಲ್ಲೇ. ಚುರುಕಾಗಲಿ ಎಂದು 120ಕ್ಕೆ ಎಳೆದರೆ ಕಾಲೇನೋ ತಾಳಕ್ಕೆ ಬೀಳುತ್ತದೆ, ಹೆಜ್ಜೆ ಮಾತ್ರ ಗಿಡ್ಡವಾಗುತ್ತದೆ. ನಡುಮನೆಯಲ್ಲಿ 6 ಮೀಟರ್ ಅಳೆದು ಎರಡೂ ತುದಿಗೆ ಟೇಪ್ ಅಂಟಿಸಿ. ತಾಳವಿಲ್ಲದೆ 12 ಹೆಜ್ಜೆಗೆ ಮುಗಿದ ದೂರ ತಾಳದೊಂದಿಗೆ 14 ಹಿಡಿದರೆ ನಾಲ್ಕೈದು ಬೀಟ್ ಇಳಿಸಿ. ತುದಿಯಲ್ಲಿ ಒಂಟಿಕಾಲ ಮೇಲೆ ಗಿರಕ್ಕನೆ ತಿರುಗದೆ, ತಾಳ ಬಿಡದೆ ಅರ್ಧಚಂದ್ರಾಕಾರವಾಗಿ ಸುತ್ತಿ ಬನ್ನಿ. ಫೋನು ಅಂಗಿಯ ಜೇಬಿನಲ್ಲಿರಲಿ. ಹೊರಗೆ ನಡೆಯುವಾಗ ಎರಡೂ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡರೆ ಹಿಂದೆ ಬರುವ ಬೈಕಿನ ಸದ್ದು ಕೇಳಿಸದು.

ನಾವು ನೋಡಿದ ಆ್ಯಪ್‌ಗಳ ಒಂದು ಕೊರತೆ: ನೆನಪೋಲೆ (ರಿಮೈಂಡರ್) ಗಡಿಯಾರಕ್ಕೆ ಕಟ್ಟಿಕೊಂಡಿದೆ, ಮಾತ್ರೆಗಲ್ಲ. ಸಾಮಾನ್ಯವಾಗಿ ಪಾರ್ಕಿನ್ಸನ್‌ನ ಮುಖ್ಯ ಮಾತ್ರೆಯಾದ ಲೆವೊಡೋಪ ನುಂಗಿ 45ರಿಂದ 60 ನಿಮಿಷಕ್ಕೆ ಮೈ ಸಡಿಲವಾಗುತ್ತದೆ. ಬೆಳಗಿನ ಮಾತ್ರೆ ಅರ್ಧ ಗಂಟೆ ತಡವಾದರೆ ಏಳೂವರೆಯ ಅಲಾರಾಂ ಬಿಗಿದ ಕಾಲುಗಳನ್ನೇ ಎಬ್ಬಿಸುತ್ತದೆ. ಆ್ಯಪಿನ ನೆನಪೋಲೆ ಆಫ್ ಮಾಡಿ, ಮಾತ್ರೆ ನುಂಗಿದೊಡನೆ ಫೋನಿನ ಟೈಮರ್‌ನಲ್ಲಿ 50 ನಿಮಿಷ ಒತ್ತಿಬಿಡಿ.