ಬೆಂಗಳೂರು ಬಿಟ್ಟು ಹೋಗುವುದಾದರೆ ಎಲ್ಲಿಗೆ? ಮೈಸೂರು, ಧಾರವಾಡ, ಮಂಗಳೂರು ಮೂರರಲ್ಲೂ ಇದ್ದು ನೋಡಿದೆವು

ಊರು ಬದಲಿಸಬೇಕು ಅಂದುಕೊಂಡವರು ಸಾಮಾನ್ಯವಾಗಿ ಶನಿವಾರ ಹೋಗಿ ಭಾನುವಾರ ವಾಪಸ್ ಬರುತ್ತಾರೆ. ಡಿಸೆಂಬರ್‌ನ ಮೈಸೂರು, ಜನವರಿಯ ಮಂಗಳೂರು ಯಾರಿಗೆ ತಾನೇ ಇಷ್ಟವಾಗುವುದಿಲ್ಲ? ಅದಕ್ಕೇ ನಾವು ಉಲ್ಟಾ ಹೊರಟೆವು. ಯಾವ ಊರನ್ನೇ ಆದರೂ ಅದರ ಕಷ್ಟದ ಕಾಲದಲ್ಲಿ ನೋಡುವುದು ಅಂತ ತೀರ್ಮಾನ ಮಾಡಿದೆವು. ದಸರಾ ಗದ್ದಲದಲ್ಲಿ ಮೈಸೂರು, ಏಪ್ರಿಲ್ ಕೊನೆಯ ಬಿಸಿಲಲ್ಲಿ ಹುಬ್ಬಳ್ಳಿ–ಧಾರವಾಡ, ಜುಲೈ ಮಳೆಯಲ್ಲಿ ಮಂಗಳೂರು. ಹೋಟೆಲ್ ಬೇಡ, ಸಾಮಾನು ಸಮೇತ ಸಿಗುವ ಬಾಡಿಗೆ ಮನೆ. ಬೆಳಿಗ್ಗೆ ಲಾಗಿನ್ ಆಗುವುದು, ಮಧ್ಯಾಹ್ನ ಕರೆಂಟ್ ಹೋದರೆ ಬೈಯುವುದು, ಸಂಜೆ ತರಕಾರಿ ತರುವುದು. ಅರಮನೆ, ಬೀಚು, ಬೆಟ್ಟ ಎಲ್ಲ ಬೇಕೆಂದೇ ಬಿಟ್ಟೆವು.

ನಮ್ಮ ಮನೆ ಲೆಕ್ಕ ಹೇಳಿಬಿಡುತ್ತೇನೆ, ಯಾಕೆಂದರೆ ತೀರ್ಮಾನ ನಿಂತಿರುವುದೇ ಅದರ ಮೇಲೆ. ನನ್ನದು ಸಾಫ್ಟ್‌ವೇರ್ ಟೆಸ್ಟಿಂಗ್. ತಿಂಗಳಿಗೆ ಒಂದೆರಡು ದಿನ ಬೆಂಗಳೂರಿನ ಆಫೀಸಿಗೆ ಮುಖ ತೋರಿಸಿದರೆ ಸಾಕು. ನಮ್ಮವರು ಫಿಸಿಯೋಥೆರಪಿಸ್ಟ್. ದಿನಾ ಟ್ರಾಫಿಕ್‌ನಲ್ಲಿ ಕೂತು ಅವರದೇ ಸೊಂಟ ಹಿಡಿದುಕೊಂಡು, ಇದ್ದ ಕೆಲಸ ಬಿಟ್ಟಿದ್ದರು. ಮಗಳು ನಾಲ್ಕನೇ ಕ್ಲಾಸು. ಜುಲೈನಲ್ಲಿ ಶಾಲೆ ಇದ್ದದ್ದರಿಂದ ಮಂಗಳೂರಿಗೆ ಅವಳು ಬರಲಿಲ್ಲ, ಅಜ್ಜಿ ಜೊತೆ ಉಳಿದಳು.

ಬೆಂಗಳೂರಿಗೆ ಓಡಾಟ

ಈ ವಿಷಯದಲ್ಲಿ ಮೈಸೂರಿನ ಹತ್ತಿರ ಯಾರೂ ಸುಳಿಯುವುದಿಲ್ಲ. 2023ರ ಮಾರ್ಚ್ 12ಕ್ಕೆ ಉದ್ಘಾಟನೆಯಾದ 118 ಕಿಲೋಮೀಟರ್ ಹೆದ್ದಾರಿಯಲ್ಲಿ ಕಾರು ಒಂದೂವರೆ ಗಂಟೆಗೆಲ್ಲ ಕೆಂಗೇರಿ ಮುಟ್ಟುತ್ತದೆ. ಆಮೇಲೆ ಇರುವುದು ಅಸಲಿ ಕಥೆ. ಕೆಂಗೇರಿಯಿಂದ ಮಾರತ್ತಹಳ್ಳಿಗೆ ಮತ್ತೆ ಅಷ್ಟೇ ಹೊತ್ತು! ನಾನು ಕೊನೆಗೆ ರೈಲಿಗೇ ಜೈ ಅಂದೆ. ವಂದೇ ಭಾರತ್‌ನಲ್ಲಿ ಸುಮಾರು ಎರಡು ಗಂಟೆ. ಮೆಜೆಸ್ಟಿಕ್‌ನಲ್ಲಿ ಇಳಿದು ನೇರಳೆ ಮೆಟ್ರೋ ಹಿಡಿದರೆ ವೈಟ್‌ಫೀಲ್ಡ್‌ವರೆಗೂ ಕೂತುಕೊಂಡು ಹೋಗಬಹುದು. ಸಾದಾ ರೈಲುಗಳಲ್ಲಿ ಪಾಸಿನವರದ್ದೇ ಒಂದು ಲೋಕ. ಯಾರ ಸೀಟು ಯಾವುದು, ಮಂಡ್ಯದಲ್ಲಿ ಹತ್ತುವವರಿಗೆ ಎಷ್ಟು ಜಾಗ ಬಿಡಬೇಕು, ಎಲ್ಲವೂ ಮೊದಲೇ ತೀರ್ಮಾನವಾಗಿರುತ್ತದೆ. ಹೊಸಬರು ಸುಮ್ನೆ ಬಾಗಿಲ ಹತ್ತಿರ ನಿಂತುಕೊಳ್ಳುವುದು ಒಳ್ಳೆಯದು.

ಹುಬ್ಬಳ್ಳಿ–ಧಾರವಾಡ ದೂರ, ಆದರೆ ಕಷ್ಟ ಇಲ್ಲ. ರಾತ್ರಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿ ಮಲಗಿದರೆ ಬೆಳಿಗ್ಗೆ ಬೆಂಗಳೂರು. 2023ರ ಜೂನ್‌ನಿಂದ ಹಗಲು ವಂದೇ ಭಾರತ್ ಕೂಡ ಇದೆ, ಆರು ಗಂಟೆ ಮೇಲೆ ಸ್ವಲ್ಪ. ಅಂದಹಾಗೆ, ಮೈಸೂರು ಹೆದ್ದಾರಿ ಉದ್ಘಾಟನೆಯಾದ ದಿನವೇ ಹುಬ್ಬಳ್ಳಿ ನಿಲ್ದಾಣದ 1,507 ಮೀಟರ್ ಪ್ಲಾಟ್‌ಫಾರ್ಮ್ ಕೂಡ ಉದ್ಘಾಟನೆಯಾಯಿತು. ಜಗತ್ತಿಗೇ ಉದ್ದದ್ದು ಅಂತ ಆಟೋದವರು ಹೆಮ್ಮೆಯಿಂದ ಹೇಳುತ್ತಾರೆ. ಎರಡು ಸೂಟ್‌ಕೇಸ್ ಎಳೆದುಕೊಂಡು ಅದರ ಆ ತುದಿಯಿಂದ ಬಂದವರಿಗೆ ಅಷ್ಟೊಂದು ಹೆಮ್ಮೆ ಇರುವುದಿಲ್ಲ.

ಮಂಗಳೂರಿಗೆ ಘಟ್ಟವೇ ತಲೆನೋವು. ಬೇಸಿಗೆಯಲ್ಲಾದರೆ ರಾತ್ರಿ ಬಸ್ಸಿನಲ್ಲಿ ನಿದ್ದೆ ಮಾಡಿ ಬೆಳಿಗ್ಗೆ ಇಳಿಯಬಹುದು. ಮಳೆಗಾಲದಲ್ಲಿ ಶಿರಾಡಿಯಲ್ಲಿ ಗುಡ್ಡ ಎಲ್ಲಿ ಜರಿಯುತ್ತದೆ ಅಂತ ಹೇಳಲಾಗುವುದಿಲ್ಲ. ರೈಲಾದರೂ ಅಷ್ಟೇ. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆವರೆಗಿನ 55 ಕಿಲೋಮೀಟರ್‌ನಲ್ಲಿ 57 ಸುರಂಗ. ನೋಡಲು ಚಂದ, ಆದರೆ ರೈಲು ತೆವಳುತ್ತದೆ. 2024ರ ಜುಲೈ ಕೊನೆಯಲ್ಲಿ ಎಡಕುಮೇರಿ ಹತ್ತಿರ ಹಳಿಯಡಿಯ ಮಣ್ಣೇ ಕುಸಿದು ದಿನಗಟ್ಟಲೆ ಸಂಚಾರ ನಿಂತಿತ್ತು. ವಿಮಾನ ಉಂಟು, ಗಂಟೆಯೊಳಗೆ ಬೆಂಗಳೂರು. ಆದರೆ ಬಜ್ಪೆಗೆ ಹೋಗುವ ಹೊತ್ತು, ದೇವನಹಳ್ಳಿಯಿಂದ ಊರೊಳಗೆ ಬರುವ ಹೊತ್ತು ಸೇರಿಸಿದರೆ ಅರ್ಧ ದಿನ ಹೋಗುತ್ತದೆ. ವಾರವಾರ ಬೆಂಗಳೂರಿಗೆ ಬರಬೇಕಾದವರು ಮಂಗಳೂರನ್ನು ಇಲ್ಲಿಗೇ ಪಟ್ಟಿಯಿಂದ ತೆಗೆಯಬಹುದು.

ನೀರು, ಮಳೆ, ಬಿಸಿಲು

ಮೈಸೂರಿನ ಬಗ್ಗೆ ಇಲ್ಲಿ ಬರೆಯಲು ಏನೂ ಇಲ್ಲ, ಅದೇ ಅದರ ಹೆಚ್ಚುಗಾರಿಕೆ. ಕಾವೇರಿ, ಕಬಿನಿ ಎರಡೂ ಪಕ್ಕದಲ್ಲಿವೆ. ಹವೆ ಹೆಚ್ಚುಕಡಿಮೆ ಬೆಂಗಳೂರಿನದ್ದೇ.

ಧಾರವಾಡದಲ್ಲಿ ಬಿಸಿಲಿಗೆ ಹೆದರಿದ್ದೆವು. ಹುಬ್ಬಳ್ಳಿಯ ಮಧ್ಯಾಹ್ನ, ಅದರ ಧೂಳು, ಚೆನ್ನಮ್ಮ ಸರ್ಕಲ್ ಸುತ್ತ ಫ್ಲೈಓವರ್ ಕೆಲಸ ಎಲ್ಲ ಸೇರಿ ಸುಸ್ತು ಮಾಡಿದ್ದು ನಿಜ. ಆದರೆ ಧಾರವಾಡಕ್ಕೆ ಬಂದರೆ ಸಂಜೆ ಗಾಳಿ ಬೇರೆಯೇ. ಮರ ಜಾಸ್ತಿ, ಮಲೆನಾಡಿನ ಅಂಚು. ಅಲ್ಲಿ ನಿಜವಾದ ವಿಚಾರ ನೀರು. ಮನೆ ತೋರಿಸಿದ ಅಜ್ಜರು ರೂಮು, ಅಡುಗೆಮನೆ ಯಾವುದನ್ನೂ ಮೊದಲು ತೋರಿಸಲಿಲ್ಲ. ನೇರ ಅಂಗಳಕ್ಕೆ ಕರೆದುಕೊಂಡು ಹೋಗಿ ನೆಲದೊಳಗಿನ ಟಾಕಿಯ ಮುಚ್ಚಳ ಎತ್ತಿದರು. "ಇಷ್ಟ್ ನೀರು ಇರ್ತದ ನೋಡ್ರಿ. ಒಂದ್ಸಲ ತುಂಬಿದ್ರ ಮತ್ತ ನಳ ಬರೂತನಾ ಚಿಂತಿಲ್ಲ." ನಳ ಯಾವಾಗ ಬರುತ್ತದೆ ಅಂದರೆ, ಅದು ಓಣಿಯ ಮೇಲೆ ಹೋಗುತ್ತದೆ. ಕೆಲವು ವಾರ್ಡುಗಳಲ್ಲಿ 2008ರಿಂದಲೇ ದಿನದ 24 ಗಂಟೆ ನೀರು ಇದೆ. ಉಳಿದ ಕಡೆ ದಿನಗಟ್ಟಲೆ ಕಾಯಬೇಕು. ಅದಕ್ಕೇ ಅಲ್ಲಿ ಬಾಡಿಗೆ ಜಾಹೀರಾತಿನಲ್ಲಿ "24 ತಾಸು ನೀರು" ಅಂತ ದಪ್ಪ ಅಕ್ಷರದಲ್ಲಿ ಹಾಕಿರುತ್ತಾರೆ.

ಇನ್ನು ಮಂಗಳೂರು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ದಾಟುವ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಓದಿ ತಿಳಿದುಕೊಳ್ಳುವುದು ಬೇರೆ, ಆ ಮಳೆಯಲ್ಲಿ ಬಟ್ಟೆ ಒಗೆಯುವುದು ಬೇರೆ. ಹಗ್ಗ ಮನೆಯೊಳಗೇ. ಫ್ಯಾನ್ ಕೆಳಗೆ ಒಂದು ದಿನ, ಆಮೇಲೆ ಇಸ್ತ್ರಿ ಪೆಟ್ಟಿಗೆ, ಆದರೂ ಜೀನ್ಸ್‌ನ ಜೇಬು ತಣ್ಣಗೆ. ಅಟ್ಟದ ಮೇಲಿಟ್ಟ ಚರ್ಮದ ಬೆಲ್ಟು ನೋಡಿದರೆ ಹಸಿರು ಬೂಷ್ಟು. ಉಪ್ಪಿನ ಡಬ್ಬಿಯಲ್ಲಿ ನೀರು. ಜೋರು ಮಳೆ–ಗಾಳಿ ಬಂದಾಗ ಕರೆಂಟ್ ಹೋಗಿ, ಮೀಟಿಂಗ್ ನಡುವೆ ನಾನು ಮಾಯವಾಗಿದ್ದೂ ಉಂಟು. ಅಲ್ಲಿ ಇನ್ವರ್ಟರ್ ಇಲ್ಲದೆ ಮನೆಯಿಂದ ಕೆಲಸ ಮಾಡುವ ಮಾತೇ ಇಲ್ಲ. ಇಷ್ಟು ಮಳೆ ಬರುವ ಊರಿನಲ್ಲಿ ಬೇಸಿಗೆಗೆ ನೀರಿಲ್ಲ ಅಂದರೆ ನಂಬುತ್ತೀರಾ? 2023ರ ಮೇ ತಿಂಗಳಲ್ಲಿ ತುಂಬೆ ಅಣೆಕಟ್ಟಿನಲ್ಲಿ ನೇತ್ರಾವತಿ ನೀರು ಇಳಿದು, ನಗರಕ್ಕೆ ದಿನ ಬಿಟ್ಟು ದಿನ ನೀರು ಕೊಡಬೇಕಾಯಿತು.

ಮನೆ, ಬಸ್ಸು, ದಿನದ ಖರ್ಚು

ನಾವು ನೋಡಿದ ಎರಡು ಬೆಡ್‌ರೂಮಿನ ಮನೆಗಳ ಲೆಕ್ಕ ಹೇಳುವುದಾದರೆ, ಧಾರವಾಡದ ಮಾಳಮಡ್ಡಿಯಲ್ಲಿ 12,000 ರೂಪಾಯಿಗೆ ಸಿಗುವಂಥದ್ದು ಮೈಸೂರಿನ ಕುವೆಂಪುನಗರದಲ್ಲಿ 18,000, ಮಂಗಳೂರಿನ ಕದ್ರಿಯಲ್ಲಿ 20,000ದ ಆಸುಪಾಸು. ಮಂಗಳೂರಿನಲ್ಲಿ ಅಪಾರ್ಟ್‌ಮೆಂಟೇ ಜಾಸ್ತಿ, ಮೆಂಟೇನೆನ್ಸ್ ಬೇರೆ. ಮೈಸೂರಿನಲ್ಲಿ ಮಾಲೀಕರು ಕೆಳಗೆ, ಬಾಡಿಗೆಯವರು ಮೇಲೆ ಇರುವ ಮನೆಗಳು ಹೆಚ್ಚು. ಒಳ್ಳೆಯ ಮಾಲೀಕರು ಸಿಕ್ಕರೆ ಪುಣ್ಯ. ಊಟ ಏನು, ಯಾವ ಜನ ಅಂತ ಸುತ್ತಿ ಬಳಸಿ ಕೇಳುವವರೂ ಸಿಕ್ಕರು. ಧಾರವಾಡದ ಸಪ್ತಾಪುರದ ಕಡೆ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರೇ ತುಂಬಿದ್ದಾರೆ. ಸಣ್ಣ ಮನೆಗಳೆಲ್ಲ ಅವರ ಪಾಲು.

ಊರೊಳಗಿನ ಓಡಾಟಕ್ಕೆ ನನ್ನ ಓಟು ಹುಬ್ಬಳ್ಳಿ–ಧಾರವಾಡದ ಚಿಗರಿ ಬಸ್ಸಿಗೆ. ಅದಕ್ಕೆಂದೇ ಬೇರೆ ದಾರಿ, ಏಸಿ, ಎರಡು ಊರಿನ ನಡುವಿನ 22 ಕಿಲೋಮೀಟರ್ ಗಲಾಟೆ ಇಲ್ಲದೆ ಮುಗಿಯುತ್ತದೆ. ಬೆಂಗಳೂರಿನಿಂದ ಬಂದವರಿಗೆ ಹೊಟ್ಟೆಕಿಚ್ಚು ಬರಬೇಕು. ಮಂಗಳೂರಿನ ಸಿಟಿ ಬಸ್ಸುಗಳು ಹೆಚ್ಚಿನವು ಖಾಸಗಿ. ಕಂಡಕ್ಟರ್ ಬಾಯಲ್ಲಿ ಸೀಟಿ, ನಾವು ಹತ್ತುವಷ್ಟರಲ್ಲಿ ಬಸ್ಸು ಹೊರಟಿರುತ್ತದೆ. ಆದರೆ ಒಂದು ಹೋದರೆ ಹಿಂದೆಯೇ ಇನ್ನೊಂದು. ಹೆಂಗಸರು ಒಂದು ವಿಷಯ ಗಮನಿಸಬೇಕು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದ್ದರೂ ಅದು ಸರ್ಕಾರಿ ಬಸ್ಸಿಗೆ ಮಾತ್ರ. ಮೈಸೂರಿನಲ್ಲಿ ಆಧಾರ್ ತೋರಿಸಿ ಓಡಾಡಿದ ನಾನು ಮಂಗಳೂರಿನಲ್ಲಿ ಪ್ರತಿ ಸಲವೂ ಚಿಲ್ಲರೆ ಹುಡುಕಬೇಕಾಯಿತು.

ದಸರಾ ಸಮಯದ ಮೈಸೂರಿನ ಬಗ್ಗೆ ಒಂದು ಮಾತು. ದೀಪ ನೋಡಲು ಬಂದ ಜನ, ಮುಚ್ಚಿದ ರಸ್ತೆ, ಎಲ್ಲ ಕಿರಿಕಿರಿಯೇ. ಆದರೆ ಆ ಗದ್ದಲದಲ್ಲೂ ಬೆಳಿಗ್ಗೆ ಆರಕ್ಕೆ ಕುಕ್ಕರಹಳ್ಳಿ ಕೆರೆ ಸುತ್ತ ಜನ ಆರಾಮಾಗಿ ವಾಕ್ ಮಾಡುತ್ತಿದ್ದರು. ಊರಿನವರು ಹಬ್ಬವನ್ನು ಪ್ರವಾಸಿಗರಿಗೆ ಬಿಟ್ಟುಕೊಟ್ಟು ತಮ್ಮ ಪಾಡಿಗೆ ತಾವಿರುತ್ತಾರೆ.

ಜನ, ಭಾಷೆ

ಇಲ್ಲಿ ಧಾರವಾಡಕ್ಕೇ ಪೂರ್ತಿ ಅಂಕ. ಪಕ್ಕದ ಮನೆಯ ಅಕ್ಕಾರು ಪರಿಚಯವಾದ ದಿನವೇ "ಹೊರಗ ಯಾಕ ನಿಂತೀರಿ, ಒಳಗ ಬರ್ರಿ, ಚಾ ಕುಡದ ಹೋಗ್ರಿ" ಅಂದರು. ಮರುದಿನ ಬುಟ್ಟಿ ತುಂಬ ಜೋಳದ ರೊಟ್ಟಿ ಬಂತು. 1890ರಿಂದ ಇರುವ ವಿದ್ಯಾವರ್ಧಕ ಸಂಘದಲ್ಲಿ ಭಾಷಣ, ಸಂಜೆ ಯಾರದೋ ಹಿಂದೂಸ್ತಾನಿ ಗಾಯನ, ಟಿಕೆಟ್ಟೂ ಇಲ್ಲ, ಗತ್ತೂ ಇಲ್ಲ. ಚಪ್ಪಲಿ ಬಿಟ್ಟು ಹೋಗಿ ಜಮಖಾನೆ ಮೇಲೆ ಕೂತರೆ ಆಯಿತು. ಜೀವನ ಇಲ್ಲಿ ಸುಲಭವಾಗಿ ಹರಿಯುತ್ತದೆ ಅನ್ನಿಸಿದ್ದು ಈ ಒಂದೇ ಊರಲ್ಲಿ.

ಮೈಸೂರಿನವರು ಮರ್ಯಾದಸ್ಥರು, ಹದವಾಗಿ ಮಾತಾಡುತ್ತಾರೆ, ಹತ್ತಿರ ಬರಲು ಟೈಮ್ ತೆಗೆದುಕೊಳ್ಳುತ್ತಾರೆ. ಮಂಗಳೂರಿನಲ್ಲಿ ಮನೆ ಒಳಗಿನ ಮಾತು ತುಳುವೋ, ಕೊಂಕಣಿಯೋ, ಬ್ಯಾರಿಯೋ ಆಗಿರುತ್ತದೆ. ನಮ್ಮನ್ನು ಕಂಡ ತಕ್ಷಣ ಕನ್ನಡಕ್ಕೆ ಬರುತ್ತಾರೆ. ಆದರೆ ನಾಲ್ಕು ಜನ ನಗುವ ಜೋಕು ನಮಗೆ ಅರ್ಥವಾಗಲು ತುಳು ಕಲಿಯಲೇಬೇಕು. ಅಲ್ಲಿಯವರ ನೇರ ಮಾತು ಮಾತ್ರ ನನಗೆ ಬಹಳ ಹಿಡಿಸಿತು. ಮನೆ ತೋರಿಸಿದವರು ತಾವಾಗಿಯೇ, "ಈ ಪಡುವಣದ ಗೋಡೆಯಲ್ಲಿ ಮಳೆಗಾಲಕ್ಕೆ ನೀರು ಜಿನುಗ್ತದೆ ಮಾರಾಯ್ರೆ, ಮತ್ತೆ ಹೇಳಲಿಲ್ಲ ಅನ್ಬೇಡಿ" ಅಂದರು. ಬೆಂಗಳೂರಿನಲ್ಲಿ ಯಾವ ಬ್ರೋಕರ್ ಹೀಗೆ ಹೇಳಿದ್ದಾನೆ? ಮೀನಿನ ಆಸೆಯಿಂದ ಜುಲೈನಲ್ಲಿ ಹೋಗುವವರಿಗೆ ಒಂದು ಕಿವಿಮಾತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಮಾರ್ಕೆಟ್ಟಿನಲ್ಲಿ ಆಯ್ಕೆ ಕಡಿಮೆ, ರೇಟು ಜೋರು.

ಕೆಲಸ

ಇಷ್ಟು ಹೊತ್ತು ಓದಿದವರು ನಾವು ಮೈಸೂರನ್ನೋ ಧಾರವಾಡವನ್ನೋ ಆರಿಸಿದೆವು ಅಂದುಕೊಂಡಿರಬಹುದು. ನನ್ನೊಬ್ಬಳ ಲೆಕ್ಕವಾಗಿದ್ದರೆ ಧಾರವಾಡವೇ. ತಿಂಗಳಿಗೊಂದು ಸಲ ರಾತ್ರಿ ರೈಲು ನನಗೆ ಭಾರವಲ್ಲ, ಬಾಡಿಗೆಯಲ್ಲಿ ಉಳಿತಾಯ, ಸಂಜೆಗೆ ಸಂಗೀತ. ಆದರೆ ನನ್ನ ಕೆಲಸ ಬ್ಯಾಗಿನಲ್ಲಿ ಹಿಡಿಸುತ್ತದೆ. ಮನೆಯಲ್ಲಿ ಇನ್ನೊಬ್ಬರ ಕೆಲಸಕ್ಕೆ ರೋಗಿಗಳು ಬೇಕು, ಆಸ್ಪತ್ರೆ ಬೇಕು. ಹೊತ್ತುಕೊಂಡು ಹೋಗಲಾಗದ ಕೆಲಸ ಯಾರದೋ, ಊರನ್ನು ಅವರ ಲೆಕ್ಕದಲ್ಲೇ ನೋಡಬೇಕು. ಗಂಡ–ಹೆಂಡತಿ ಇಬ್ಬರೂ ದುಡಿಯುವ ಮನೆಗಳಲ್ಲಿ ಇದನ್ನು ಮೊದಲು ಮಾತಾಡದೆ ವಾತಾವರಣ, ಬಾಡಿಗೆ ಅಂತ ಪಟ್ಟಿ ಮಾಡುತ್ತಾ ಕೂರುವುದನ್ನು ನಾನು ಸುತ್ತಮುತ್ತ ಬೇಕಾದಷ್ಟು ನೋಡಿದ್ದೇನೆ. ಸಾಮಾನ್ಯವಾಗಿ ಹೆಂಡತಿಯ ಕೆಲಸವೇ ಬಲಿಯಾಗುತ್ತದೆ. ನಮ್ಮಲ್ಲಿ ಪಾತ್ರ ಅದಲುಬದಲಾಗಿತ್ತು, ಅಷ್ಟೇ.

ಮೈಸೂರಿನಲ್ಲಿ ನಮ್ಮವರು ಹೋಗಿ ಕೇಳಿದ ಕಡೆ ಒಂದೋ ಜಾಗ ಇಲ್ಲ, ಇಲ್ಲವೇ ಬೆಂಗಳೂರಿನ ಸಂಬಳದ ಅರ್ಧ. ಹುಬ್ಬಳ್ಳಿಯಲ್ಲಿ ಒಂದು ಕಡೆ ಕರೆದರು, ಆದರೆ ರಾತ್ರಿ ಒಂಬತ್ತರವರೆಗಿನ ಪಾಳಿ. ಮಂಗಳೂರಿನ ಚಿತ್ರವೇ ಬೇರೆ. 1880ರಲ್ಲಿ ಶುರುವಾದ ಫಾದರ್ ಮುಲ್ಲರ್‌ನಿಂದ ಹಿಡಿದು ಕೆಎಂಸಿ, ಎಜೆ, ಯೆನೆಪೋಯ, ದೇರಳಕಟ್ಟೆಯ ಕೆ.ಎಸ್. ಹೆಗ್ಡೆವರೆಗೆ ಮೆಡಿಕಲ್ ಕಾಲೇಜುಗಳ ಸಾಲೇ ಇದೆ. ಕಾಸರಗೋಡು, ಚಿಕ್ಕಮಗಳೂರು, ಉತ್ತರ ಕನ್ನಡದಿಂದ ರೋಗಿಗಳು ಇಲ್ಲಿಗೇ ಬರುತ್ತಾರೆ. ಈಗ ಸಿಕ್ಕ ಕೆಲಸ ಸರಿಹೋಗದಿದ್ದರೆ ಊರು ಬಿಡದೆ ಇನ್ನೊಂದು ಹುಡುಕಬಹುದು. ನನ್ನ ಮಟ್ಟಿಗೆ ಇದು ಸಂಬಳಕ್ಕಿಂತ ದೊಡ್ಡ ವಿಷಯ. ಒಂದೇ ಬಾಗಿಲಿರುವ ಊರಿಗೆ ಸಂಸಾರ ಸಾಗಿಸುವುದು ಧೈರ್ಯದ ಕೆಲಸ, ನಮಗೆ ಅಷ್ಟು ಧೈರ್ಯ ಇಲ್ಲ.

ಹಾಗಾಗಿ ಮಂಗಳೂರು. ವಾರಕ್ಕೊಮ್ಮೆ ಆಫೀಸಿಗೆ ಹೋಗಲೇಬೇಕಾದವರು ನನ್ನ ಮಾತು ಕೇಳಬೇಡಿ, ಮೈಸೂರಿಗೆ ಹೋಗಿ. ಇಬ್ಬರ ಕೆಲಸವೂ ಲ್ಯಾಪ್‌ಟಾಪಿನಲ್ಲೇ ಇದ್ದರೆ ಧಾರವಾಡಕ್ಕೆ ಹೋಗಿ, ಆದರೆ ಟಾಕಿಯ ಮುಚ್ಚಳ ಎತ್ತಿ ನೋಡದೆ ಅಡ್ವಾನ್ಸ್ ಕೊಡಬೇಡಿ.

ಮಂಗಳೂರಿನಲ್ಲಿ ನಾವು ಮನೆ ಹಿಡಿದದ್ದು ಜೋರು ಮಳೆ ಬರುತ್ತಿದ್ದಾಗಲೇ. ಆ ಹೊತ್ತಿಗೆ ಗೋಡೆ ಏನನ್ನೂ ಮುಚ್ಚಿಡಲಾರದು. ಎರಡನೇ ಮಹಡಿ, ಪಡುವಣಕ್ಕೆ ಕಿಟಕಿ ಇಲ್ಲ, ಕಾಂಪೌಂಡಿನೊಳಗೆ ಬಾವಿ ಇದೆ, ತುಂಬೆಯಲ್ಲಿ ನೀರು ಇಳಿದರೂ ಒಂದಷ್ಟು ದಿನ ತಳ್ಳಬಹುದು. ಶಾಲೆಗಳು ಶುರುವಾಗುವುದು ಜೂನ್ ಹೊತ್ತಿಗೆ. ಮಳೆಯೂ ಆಗಲೇ. ಸಾಮಾನೆಲ್ಲ ಮೇ ಎರಡನೇ ವಾರದೊಳಗೆ ಘಟ್ಟ ಇಳಿಯಬೇಕು. ಪ್ಲೈವುಡ್ ಬೀರು ಬೆಂಗಳೂರಲ್ಲೇ ಮಾರಾಟಕ್ಕಿದೆ, ಯಾರಿಗಾದರೂ ಬೇಕಿದ್ದರೆ ಹೇಳಿ.